ಅವಳದೇ ಕೋಪ

ಇನ್ಸುಲಿನ್‌ಗೆ ಒಂದು ವಾಸನೆಯಿದೆ. ಗೊತ್ತಿಲ್ಲದವರ ಮೂಗಿಗೆ ಅದು ತಾಗುವುದೇ ಇಲ್ಲ. ಆಗಷ್ಟೇ ಬಿಚ್ಚಿದ ಗಾಯದ ಪಟ್ಟಿಯ ವಾಸನೆಗೆ ಹತ್ತಿರ. ಹೊಸ ರಬ್ಬರಿನಂತೆ, ಒರೆಸಿದ ಆಸ್ಪತ್ರೆಯ ನೆಲದಂತೆ. ಉಳಿದ ಮಕ್ಕಳಿಗೆ ಬೆಳಗು ಎಂದರೆ ಹಾಲು ಕಾಯುವ ವಾಸನೆ. ಅವಳಿಗೆ ಮಾತ್ರ ಸ್ಪಿರಿಟ್ ಅದ್ದಿದ ಹತ್ತಿ, ಸೂಜಿಯ ತುದಿಯಲ್ಲಿ ನಿಂತ ಒಂದು ಹನಿ, ಉಸಿರು ಬಿಗಿಹಿಡಿದ ಅಮ್ಮನ ಮುಖ.

ಅಮ್ಮ ಮೊದಲು ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು. ಆಮೇಲೆ ಪರದೆ ಎಳೆಯುತ್ತಿದ್ದಳು. ಆಮೇಲೆ ಸೂಜಿ.

“ಯಾರಾದ್ರೂ ಕೇಳಿದ್ರೆ ಜ್ವರಕ್ಕೆ ಚುಚ್ಚಿಸ್ಕೊಂಡೆ ಅನ್ನು, ಪುಟ್ಟಿ.”

“ದಿನಾ ಜ್ವರ ಬರುತ್ತಾ ಅಮ್ಮ?”

“ಹೂಂ ಅನ್ನು. ಕೇಳೋರು ಅಷ್ಟೆಲ್ಲ ನೆನಪಿಟ್ಕೊಳ್ಳಲ್ಲ.”

ಮಗಳನ್ನು ಯಾರೂ ‘ಅಯ್ಯೋ ಪಾಪ’ ಎನ್ನಬಾರದು, ಅಷ್ಟೇ ಅಮ್ಮನ ಆಸೆ. ಆದರೆ ಅಮ್ಮನಿಗೆ ಇನ್ನೊಂದು ಅಭ್ಯಾಸವಿತ್ತು. ಸೂಜಿ ಹಾಕಿಕೊಂಡ ಮೇಲೆ ಊಟ ತಡವಾದರೆ ಮಗಳ ರಕ್ತದಲ್ಲಿ ಸಕ್ಕರೆ ಇಳಿಯುತ್ತಿತ್ತು. ಕೈ ನಡುಗುವುದು, ಬೆವರುವುದು, ಇದ್ದಕ್ಕಿದ್ದಂತೆ ಸಿಡುಕುವುದು. ಆಡಿದ ಮಾತು ಕೆಲವೊಮ್ಮೆ ಅವಳಿಗೇ ನೆನಪಿರುತ್ತಿರಲಿಲ್ಲ. ಹೀಗಾಗಿ ಮಗಳು ಮುಖ ಗಂಟಿಕ್ಕಿದರೆ ಸಾಕು, ಅಮ್ಮ ಸಕ್ಕರೆ ಚಮಚ ಹಿಡಿದು ಓಡಿಬರುತ್ತಿದ್ದಳು. ಅಣ್ಣ ಅವಳ ಬಣ್ಣದ ಡಬ್ಬಿ ತುಳಿದು ಮುರಿದ ದಿನವೂ ಅವಳ ಬಾಯಿಗೇ ಸಕ್ಕರೆ ಬಿತ್ತು. ಅಣ್ಣನ ಬೆನ್ನಿಗೆ ಏನೂ ಬೀಳಲಿಲ್ಲ.

ಹೀಗೆ ಬೆಳೆದ ಹುಡುಗಿ ಎರಡು ವಿದ್ಯೆ ಕಲಿತಳು. ಒಂದು, ಕಾಯಿಲೆಯನ್ನು ಬಚ್ಚಿಡುವುದು. ಇನ್ನೊಂದು, ಕೋಪವನ್ನು ನುಂಗುವುದು. ಎರಡನ್ನೂ ಎಷ್ಟು ಚೆನ್ನಾಗಿ ಕಲಿತಳೆಂದರೆ, ಕಾಲೇಜು ಮುಗಿಸಿ, ಕಣ್ಣು ಪರೀಕ್ಷೆಯ ಪದವಿ ಪಡೆದು, ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: “ಎಷ್ಟು ಶಾಂತ ಸ್ವಭಾವ!”

ಅಂಗಡಿಯಲ್ಲಿ ಬಚ್ಚಿಡುವುದು ಸುಲಭವಾಗಿತ್ತು. ಸೂಜಿಯಿರುವ ಇನ್ಸುಲಿನ್ ಪೆನ್ನನ್ನು ಅವಳು ಕನ್ನಡಕದ ಡಬ್ಬಿಯೊಂದರಲ್ಲಿ ಇಡುತ್ತಿದ್ದಳು. ನೂರಾರು ಡಬ್ಬಿಗಳಿರುವ ಜಾಗದಲ್ಲಿ ಇನ್ನೊಂದು ಡಬ್ಬಿಯನ್ನು ಯಾರು ನೋಡುತ್ತಾರೆ? ಊಟದ ಹೊತ್ತಿಗೆ ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡು, ಅಂಗಿಯ ಅಂಚು ಸರಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಿದ್ದಳು. ಗಿರಾಕಿಗಳ ಬಾಯಲ್ಲಿ ಅವಳು ‘ಕಣ್ಣು ಮೇಡಂ’. ಅಂಗಡಿಯ ಒಡತಿ ಬಿಳಿಗೂದಲಿನ ದಪ್ಪ ಹೆಂಗಸು; ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಅಕ್ಕಾವ್ರು’ ಎಂದು.

ಇನ್ನುಳಿದವನು ಫಿಟ್ಟರ್.

ಅವನ ಜಾಗ ಹಿಂದಿನ ಕೋಣೆ. ಲೆನ್ಸನ್ನು ಫ್ರೇಮಿನ ಆಕಾರಕ್ಕೆ ಉಜ್ಜುವ ಯಂತ್ರದ ಮುಂದೆ ಕಡುನೀಲಿ ಏಪ್ರನ್ ಕಟ್ಟಿಕೊಂಡು ಕೂತಿರುತ್ತಿದ್ದ. ಕನ್ನಡಕ ಸಿದ್ಧವಾದ ಮೇಲೆ ಹೊರಗೆ ಬಂದು, ಕಡ್ಡಿಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಗಿರಾಕಿಯ ಕಿವಿಯ ಹಿಂದೆ ಸರಿಯಾಗಿ ಕೂರುವಂತೆ ಬಗ್ಗಿಸುತ್ತಿದ್ದ. ಅವನದೊಂದು ಪದ್ಧತಿಯಿತ್ತು. ಗಿರಾಕಿ ನಗದೆ ಕನ್ನಡಕ ಕೊಡುತ್ತಿರಲಿಲ್ಲ.

“ಸ್ವಲ್ಪ ನಗಿ ಸಾರ್.”

“ಯಾಕಪ್ಪ ನಗಬೇಕು?” ಗಂಟುಮುಖದ ಮುದುಕರೊಬ್ಬರು ಕೇಳಿದ್ದರು.

“ನಕ್ಕರೆ ಕೆನ್ನೆ ಏರುತ್ತೆ. ಕೆನ್ನೆ ಏರಿದ್ರೆ ಕನ್ನಡಕಾನೂ ಏರುತ್ತೆ. ಸಿಡುಕು ಮುಖಕ್ಕೆ ಮಾತ್ರ ಸರಿಹೋಗೋ ಕನ್ನಡಕ ಮಾಡಿಕೊಟ್ರೆ ನನ್ನ ಮರ್ಯಾದೆ ಏನಾಗ್ಬೇಕು?”

“ಬಿಲ್ಲು ಏರದಿದ್ರೆ ಸಾಕಪ್ಪ!” ಎಂದು ಮುದುಕರು ತಮ್ಮ ಮಾತಿಗೆ ತಾವೇ ನಕ್ಕರು. ಅಷ್ಟರಲ್ಲಿ ಫಿಟ್ಟರ್ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿಬಿಟ್ಟಿದ್ದ. ಬಗ್ಗಿಸುತ್ತ, ಮುದುಕರ ಭುಜದ ಮೇಲಿಂದ ಕತ್ತಲೆ ಕೋಣೆಯ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ನಿಂತು ನಗುತ್ತಿದ್ದವಳು ತಟ್ಟನೆ ಒಳಗೆ ಸರಿದಳು.

ಮರುದಿನ ಅವನು ಕೇಳಿದ, “ನೀವು ಬಾಗಿಲ ಸಂದಿಯಿಂದ ನಗ್ತೀರಲ್ಲ, ಹೊರಗೆ ಬಂದು ನಗಬಾರದಾ?”

“ನನಗೇನು ಕನ್ನಡಕ ಇಲ್ವಲ್ಲ. ನಗಿಸಿ ನಿಮಗೇನು ಲಾಭ?”

“ಲಾಭ ಇದ್ದೇ ಎಲ್ಲ ಕೆಲಸ ಮಾಡ್ತಾರಾ ಮೇಡಂ?” ಎಂದು ಅವನು ಲೆನ್ಸ್ ಒರೆಸುತ್ತ ಹೊರಟುಹೋದ. ಒರೆಸಿ ಮುಗಿದಿದ್ದ ಲೆನ್ಸದು. ಅದನ್ನೇ ಮತ್ತೆ ಒರೆಸುತ್ತಿದ್ದ. ಅವಳಿಗೆ ಅದೂ ಕಂಡಿತು.

ಹೀಗೇ ನಡೆಯಿತು. ಅವಳು ಬರೆದುಕೊಟ್ಟ ನಂಬರಿನ ಚೀಟಿ ಅವನ ಕೈ ಸೇರುವಾಗ ಬೆರಳು ಸೋಕದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು. ಆ ಎಚ್ಚರವೇ ಅಕ್ಕಾವ್ರ ಕಣ್ಣಿಗೆ ಬಿತ್ತು. “ಚೀಟಿ ಏನು ಕಾದ ಕಬ್ಬಿಣಾನಾ? ಇಬ್ಬರೂ ತುದೀಲಿ ಹಿಡ್ಕೊಳ್ತೀರಲ್ಲ!” ಎಂದು ಅವರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದರು. ಫಿಟ್ಟರ್ ಕಿವಿ ಕೆಂಪಾಯಿತು. ಅವಳು ಆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಕೆಂಪು ಕಿವಿಯನ್ನೇ ನೆನೆದಳು.

ನೆನೆದಷ್ಟೂ ಹೆದರಿಕೆ. ಹಿಂದೊಮ್ಮೆ ಹೀಗೇ ಒಬ್ಬರು ಬಂದಿದ್ದರು. ಮೇಷ್ಟ್ರು, ಸಭ್ಯರು, ಮಾತು ಮದುವೆಯವರೆಗೂ ಬಂದಿತ್ತು. ಅಮ್ಮ ತಡೆಯಲಾರದೆ ಕಾಯಿಲೆಯ ವಿಷಯ ಹೇಳಿದಳು. ಅವರು ಬಹಳ ಮೃದುವಾಗಿ ಎರಡು ಪ್ರಶ್ನೆ ಕೇಳಿದರು, ಮುಂದಿನ ಸಲ ಒಂದು ಬುಟ್ಟಿ ಹಣ್ಣು ತಂದರು, ಆಮೇಲೆ ಫೋನ್ ಮಾಡಲಿಲ್ಲ. ರೋಗಿಯನ್ನು ನೋಡಲು ಬರುವವರು ತರುವಂಥ ಹಣ್ಣು. ಆ ಬುಟ್ಟಿ ಮನೆಯಲ್ಲಿ ಕೊಳೆತು ಹೋಗುವವರೆಗೂ ಯಾರೂ ಮುಟ್ಟಲಿಲ್ಲ.

ಆದ್ದರಿಂದ ಫಿಟ್ಟರ್‌ಗೆ ಗೊತ್ತಾಗಬಾರದು. ಗೊತ್ತಾಗದಿದ್ದರೆ ಬಾಗಿಲ ಸಂದಿಯ ನಗುವಾದರೂ ಉಳಿಯುತ್ತದೆ.

ಆ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಎಂದಿನಂತೆ ಸೂಜಿ ಹಾಕಿಕೊಂಡು ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಅಕ್ಕಾವ್ರು ಒಂದು ಮಗುವನ್ನು ಒಳಗೆ ಕಳಿಸಿದರು. ಅಳುವ ಮಗು. ಅಕ್ಷರ ಓದು ಎಂದರೆ ಅಕ್ಷರಕ್ಕೇ ಕೈ ಬೀಸುವ ಮಗು. ‘ಇದೊಂದು ಮುಗಿಸಿ ಉಣ್ಣೋಣ’ ಎಂದುಕೊಂಡಳು. ಆ ಮಗುವಿನ ಹಿಂದೆ ಇನ್ನೊಬ್ಬರು ಬಂದರು.

ಆಮೇಲೆ ಅವಳಿಗೆ ನೆನಪಿರುವುದು ಇಷ್ಟು: ಕತ್ತಲೆ ಕೋಣೆಯ ನೆಲದ ಮೇಲೆ ಕೂತಿದ್ದಾಳೆ. ಕೈಯಲ್ಲಿ ಖಾಲಿಯಾದ ಹಣ್ಣಿನ ರಸದ ಪೊಟ್ಟಣ. ಬೆರಳೆಲ್ಲ ಅಂಟು, ಬೆನ್ನು ಒದ್ದೆ. ಮೇಜಿನ ಮೇಲೆ ಕನ್ನಡಕದ ಡಬ್ಬಿ ಬಾಯಿ ತೆರೆದು ಬಿದ್ದಿದೆ, ಪೆನ್ನು ಎಲ್ಲರಿಗೂ ಕಾಣುವಂತೆ. ಎದ್ದು, ಮುಖ ತೊಳೆದು, ಡಬ್ಬಿ ಮುಚ್ಚಿ ಹೊರಗೆ ಬಂದಳು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಫಿಟ್ಟರ್ ಅವಳನ್ನು ಕಂಡೊಡನೆ ಎದ್ದು ಹಿಂದಿನ ಕೋಣೆಗೆ ಹೋಗಿಬಿಟ್ಟ.

ಮರುದಿನದಿಂದ ಅವನು ಬದಲಾದ. ಚೀಟಿಯನ್ನು ಮೇಜಿನ ಮೇಲೆ ಇಟ್ಟರೆ ಸಾಕು, ತೆಗೆದುಕೊಳ್ಳುತ್ತೇನೆ ಎಂದ. ಗಿರಾಕಿಗಳನ್ನು ನಗಿಸುತ್ತಿದ್ದ, ಆದರೆ ಕತ್ತಲೆ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ.

‘ಪೆನ್ನು ನೋಡಿದ್ದಾನೆ’ ಎಂದುಕೊಂಡಳು ಅವಳು. ‘ಇನ್ನು ಹಣ್ಣು ತರುವುದೊಂದು ಬಾಕಿ.’

ಅವನು ಹಣ್ಣು ತರಲಿಲ್ಲ. ಬದಲಿಗೆ ಒಂದು ದಿನ ಅಕ್ಕಾವ್ರು ಹೇಳಿದರು: “ಫಿಟ್ಟರ್ ನಮ್ಮ ಇನ್ನೊಂದು ಅಂಗಡಿಗೆ ಹೋಗ್ತೀನಿ ಅಂತಾನೆ ಕಣಮ್ಮ. ದೂರದೂರು. ಏನು ಕಾರಣಾನೋ, ಬಾಯಿ ಬಿಡ್ತಿಲ್ಲ. ಹೋಗೋ ಮುಂಚೆ ಅವನ ಕಣ್ಣು ಒಂದ್ಸಲ ನೋಡಿಬಿಡು. ಯಂತ್ರದ ಮುಂದೆ ಕೂತು ಕೂತು ತಲೆನೋವು ಅಂತಿದ್ದ.”

ಕತ್ತಲೆ ಕೋಣೆಗೆ ಅವನು ಬಂದು ಕುರ್ಚಿಯಲ್ಲಿ ಕೂತ. ಯಂತ್ರದ ಮುಂದೆ ಅಷ್ಟು ನೆಟ್ಟಗೆ ಕೂರುವವನು ಇಲ್ಲಿ ಶಾಲೆಗೆ ಹೊಸದಾಗಿ ಸೇರಿದ ಹುಡುಗನಂತೆ ಮಂಡಿ ಜೋಡಿಸಿಕೊಂಡಿದ್ದ. ಅವಳು ಮೂಗಿನ ಮೇಲೆ ಪರೀಕ್ಷೆಯ ಫ್ರೇಮ್ ಇಟ್ಟು ಒಂದೊಂದೇ ಲೆನ್ಸ್ ಹಾಕಿದಳು.

“ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?”

“ಎರಡೂ ಒಂದೇ ಥರ.”

“ಸರಿಯಾಗಿ ನೋಡಿ ಹೇಳಿ.”

“ನೋಡಿದ್ರೆ ಬೈತೀರಿ. ನೋಡದಿದ್ರೂ ಬೈತೀರಿ.”

ಅವಳ ಕೈ ತಡೆಯಿತು. ದೀಪ ಆರಿಸಿದಳು. ಕಣ್ಣಿನ ಒಳಭಾಗ ನೋಡುವ ಸಣ್ಣ ಟಾರ್ಚು ಹಿಡಿದು ಬಾಗಿದಳು. ಆ ಪರೀಕ್ಷೆಯೇ ಹಾಗೆ. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಬೇಕು. ದಿನವೂ ಎಷ್ಟೋ ಜನಕ್ಕೆ ಮಾಡುವ ಕೆಲಸ. ಆದರೂ ಉಸಿರು ಎಲ್ಲಿ ಬಿಡಬೇಕೆಂದು ಅವಳಿಗೇ ತಿಳಿಯಲಿಲ್ಲ.

“ನನ್ನ ಕಿವಿ ನೋಡಿ,” ಎಂದಳು.

“ಆಂ?”

“ಕಣ್ಣು ಅಲ್ಲಾಡಬಾರದು. ಅದಕ್ಕೆ ನನ್ನ ಕಿವಿ ಕಡೆಗೇ ನೋಡ್ತಾ ಇರಿ. ಎಲ್ಲರಿಗೂ ಹೀಗೇ ಹೇಳೋದು.”

“ಗೊತ್ತಾಯ್ತು.” ಆಮೇಲೆ ಆ ಕಿವಿಗೇ ಹೇಳುವವನಂತೆ ತಗ್ಗಿದ ದನಿಯಲ್ಲಿ ಹೇಳಿದ: “ನಿಮಗೆ ನನ್ನ ಕಂಡ್ರೆ ಅಷ್ಟು ಅಸಹ್ಯ ಅಂತ ಮೊದಲೇ ಗೊತ್ತಿದ್ರೆ ನಾನು ಆ ಥರ ಸಲಿಗೆ ತಗೊಳ್ತಿರ್ಲಿಲ್ಲ. ತಪ್ಪಾಯ್ತು. ಹೋಗೋ ಮುಂಚೆ ಹೇಳಿಬಿಡ್ಬೇಕು ಅನ್ನಿಸ್ತು.”

ಟಾರ್ಚಿನ ಬೆಳಕು ಅವನ ಹುಬ್ಬಿಗೆ ಜಾರಿತು. “ಅಸಹ್ಯಾನಾ? ಯಾರು ಹೇಳಿದ್ರು?”

“ನೀವೇ. ಆವತ್ತು.”

“ಯಾವತ್ತು?”

“ಆ ಅಳೋ ಮಗು ಬಂದಿತ್ತಲ್ಲ, ಆವತ್ತು. ನೀವು ಊಟ ಮಾಡಿ, ಹೊರಗಿನವರನ್ನ ಸ್ವಲ್ಪ ಹೊತ್ತು ನಾನು ಕೂರಿಸ್ಕೊಂಡಿರ್ತೀನಿ ಅಂತ ಹೇಳೋಕೆ ಬಂದೆ. ನೀವು ಹಾಗೇ ರೇಗಿ ಬಿದ್ರಿ. ನನ್ನ ಸುತ್ತ ಸುತ್ತಬೇಡಿ, ನಿಮ್ಮ ಕೋತಿ ಚೇಷ್ಟೆ ನೋಡಿದ್ರೆ ಅಸಹ್ಯ ಆಗುತ್ತೆ ಅಂದ್ರಿ. ಬಾಗಿಲು ಹಾಕ್ಕೊಂಡು ಆಚೆ ಹೋಗಿ ಅಂದ್ರಿ. ಹೋದೆ.”

ಅವಳು ದೀಪ ಹಾಕಿದಳು. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಆ ಮಾತುಗಳನ್ನು ಆಡಿದ ನೆನಪು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ತಾನು ಆಡಿರಬಹುದು ಎಂಬುದು ಗೊತ್ತಿತ್ತು.

‘ನಾನು ಹಾಗೆ ಅಂದೇ ಇಲ್ಲ’ ಎಂದರೆ ಸುಳ್ಳು. ಸುಮ್ಮನಿದ್ದರೆ ಅವನು ಊರು ಬಿಡುತ್ತಾನೆ, ಅವಳಾಡಿದ ಆ ಮಾತನ್ನು ಹೊತ್ತುಕೊಂಡು. ನಿಜ ಹೇಳಿದರೆ ಅಷ್ಟು ವರ್ಷ ಅಮ್ಮ ಎಳೆದಿದ್ದ ಪರದೆ ಹರಿದಂತೆ. ಅವಳು ಬಹಳ ಹೊತ್ತು ಕೈಯಲ್ಲಿದ್ದ ಟಾರ್ಚನ್ನು ಒತ್ತಿ, ಆರಿಸಿ, ಮತ್ತೆ ಒತ್ತಿದಳು.

“ನೀವು ಆ ಡಬ್ಬಿ ನೋಡಲಿಲ್ವಾ? ಮೇಜಿನ ಮೇಲಿತ್ತಲ್ಲ?”

“ಯಾವ ಡಬ್ಬಿ? ನಾನು ನಿಮ್ಮ ಮುಖ ಬಿಟ್ರೆ ಬೇರೇನೂ ನೋಡಲಿಲ್ಲ. ಬಿಳಿಚಿಕೊಂಡಿತ್ತು. ಅದಕ್ಕೇ ಬೈಸ್ಕೊಂಡ ಮೇಲೂ ಬಾಗಿಲ ಹತ್ರಾನೇ ಕೂತೆ.”

ಅವಳು ಚೀಲದಿಂದ ಡಬ್ಬಿ ತೆಗೆದಳು, ಮುಚ್ಚಳ ಬಿಚ್ಚಿ ಅವನ ಮಡಿಲಲ್ಲಿ ಇಟ್ಟಳು.

ಮೊದಮೊದಲು ತಡವರಿಸಿ ಹೇಳಿದಳು. ಹೇಳುತ್ತ ಹೇಳುತ್ತ ಸಲೀಸಾಯಿತು. ಚಿಕ್ಕಂದಿನಲ್ಲಿ ಶುರುವಾದದ್ದು, ವಾಸಿಯಾಗುವುದಲ್ಲ, ಸಾಯಿಸುವುದೂ ಅಲ್ಲ, ನೋಡಿಕೊಂಡರೆ. ದಿನವೂ ಸೂಜಿ. ಊಟ ತಡವಾದರೆ ತನ್ನ ಬಾಯಿಂದ ತನ್ನದಲ್ಲದ ಮಾತು. ದಿನವೂ ಬೇರೆಯವರ ಕಣ್ಣಿನೊಳಗೆ ನೋಡುವವಳಿಗೆ ಈ ಕಾಯಿಲೆ ಒಂದು ದಿನ ತನ್ನ ಕಣ್ಣನ್ನೂ ಕೆಡಿಸೀತೆಂಬ ಭಯ. ಎಲ್ಲ.

ಅವನು ಪೆನ್ನನ್ನು ಮುಟ್ಟದೆ, ಲೆನ್ಸನ್ನು ನೋಡುವ ಹಾಗೆ ಡಬ್ಬಿಯನ್ನೇ ಬೆಳಕಿಗೆ ಎತ್ತಿ ತಿರುಗಿಸಿ ನೋಡಿದ. ಹಣ್ಣು ತಂದವರು ಕೇಳಿದ ಪ್ರಶ್ನೆಗಳಿಗಾಗಿ ಅವಳು ಕಾದಳು. ಅವನು ಕೇಳಿದ್ದು ಬೇರೆ.

“ಹಾಗಾದ್ರೆ ಆವತ್ತು ಬೈದದ್ದು ನೀವಲ್ಲ?”

“ಅಲ್ಲ. ಸಕ್ಕರೆ ಇಳಿದಿತ್ತು.”

“ಎಲ್ಲಾ ಸಕ್ಕರೇದೇನಾ?”

“ಎಲ್ಲಾ.”

“ಅಯ್ಯೋ,” ಎಂದ ಅವನು, ಮುಖ ಸಣ್ಣದು ಮಾಡಿಕೊಂಡು. “ಬೈಯೋವಾಗ ನೀವು ನನ್ನ ಏಪ್ರನ್ ಗಟ್ಟಿಯಾಗಿ ಹಿಡ್ಕೊಂಡಿದ್ರಿ. ಹೋಗಿ ಅಂತ ಬಾಯಿ ಹೇಳ್ತಿತ್ತು, ಕೈ ಮಾತ್ರ ಬಿಡ್ತಾನೇ ಇರ್ಲಿಲ್ಲ. ಅದೂ ಸಕ್ಕರೇನಾ?”

ಅವಳ ಕೆನ್ನೆ ಬಿಸಿಯಾಯಿತು. ಗೋಡೆಯ ಮೇಲಿನ ಅಕ್ಷರಗಳ ಪಟವನ್ನು ಮೊದಲ ಬಾರಿ ನೋಡುವವಳಂತೆ ನೋಡಿದಳು. ಆ ಹಿಡಿತದ ನೆನಪೂ ಅವಳಿಗಿರಲಿಲ್ಲ. ಆದರೂ ಆ ಕೈಯ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು.

“ಅದು ನಾನೇ,” ಎಂದಳು.

“ಕೇಳಿಸ್ಲಿಲ್ಲ.”

“ಕಿವಿ ಪರೀಕ್ಷೆ ಈ ಅಂಗಡೀಲಿ ಮಾಡಲ್ಲ.”

ಅವನು ನಕ್ಕ. ಪರೀಕ್ಷೆಯ ಫ್ರೇಮ್ ಇನ್ನೂ ಮೂಗಿನ ಮೇಲೇ ಇತ್ತು. ನಗುವಿಗೆ ಕೆನ್ನೆ ಏರಿ ಅದು ಹುಬ್ಬಿನವರೆಗೆ ಹೋಯಿತು. ಅವಳು ಕೈಚಾಚಿ ಅದನ್ನು ಸರಿಮಾಡಿದಳು. ಸರಿಮಾಡಿದ ಮೇಲೂ ಕೈ ತೆಗೆಯಲಿಲ್ಲ.

ದೂರದೂರಿನ ಅಂಗಡಿಗೆ ಬೇರೆ ಯಾರನ್ನೋ ಕಳಿಸಲಾಯಿತು. ಅಕ್ಕಾವ್ರು ಕಾರಣ ಕೇಳಲಿಲ್ಲ. “ತಲೆನೋವು ಹೋಯ್ತಾ?” ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಲೆಕ್ಕ ನೋಡತೊಡಗಿದರು.

ಅವರಿಬ್ಬರೂ ಸಂಜೆ ಒಟ್ಟಿಗೆ ನಡೆದು ಹೋಗತೊಡಗಿದರು. ಬಸ್ ನಿಲ್ದಾಣದ ಬೆಂಚು, ಹೂವಿನಂಗಡಿಯ ಮೂಲೆ, ಅವಳ ಮನೆಯ ತಿರುವು. ‘ನೀವು’ ಹೋಗಿ ಯಾವಾಗ ‘ನೀನು’ ಬಂತೋ ಇಬ್ಬರಿಗೂ ತಿಳಿಯಲಿಲ್ಲ. ಒಂದು ಸಂಜೆ ಅವನು ಅಮ್ಮನಿಗೂ ಪರಿಚಯವಾದ. ಅಮ್ಮ ಗಾಬರಿಯಿಂದ ಮಗಳನ್ನು ಅಡುಗೆಮನೆಗೆ ಎಳೆದು, “ಗೊತ್ತಾ ಅವನಿಗೆ?” ಎಂದು ಪಿಸುಗುಟ್ಟಿದಳು. “ಗೊತ್ತು” ಎಂದಾಗ ಸ್ಟೂಲಿನ ಮೇಲೆ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ವರ್ಷದ ಭಾರ ಇಳಿಸಿದವರು ಮೊದಲು ಕೂರಲೇಬೇಕಲ್ಲ.

ಎಲ್ಲ ಸುಖವಾಗಿರಬೇಕಿತ್ತು. ಆದರೆ ಪ್ರೀತಿಗೆ ತನ್ನದೇ ಒಂದು ಅತಿ ಇರುತ್ತದೆ. ಫಿಟ್ಟರ್ ಜೇಬಿನಲ್ಲಿ ಮಿಠಾಯಿ ಇಟ್ಟುಕೊಳ್ಳತೊಡಗಿದ. ಅವಳ ಹಣೆಯಲ್ಲಿ ಬೆವರು ಕಂಡರೆ ಮಿಠಾಯಿ. ಮಾತು ಕಡಿಮೆಯಾದರೆ ಮಿಠಾಯಿ. ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಅವಳು ರೇಗಿದರೂ ಮಿಠಾಯಿ. ಅವಳು ನಕ್ಕು ತೆಗೆದುಕೊಳ್ಳುತ್ತಿದ್ದಳು. ಆಮೇಲಾಮೇಲೆ ನಗದೆ ತೆಗೆದುಕೊಂಡಳು. ಅವನಿಗೆ ಆ ವ್ಯತ್ಯಾಸ ಕಾಣಲಿಲ್ಲ.

ಅವಳು ಇಡೀ ವರ್ಷ ಕಾಯುತ್ತಿದ್ದ ಕೆಲಸ ಒಂದಿತ್ತು. ಊರಾಚೆಯ ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುವುದು. ‘ಬೋರ್ಡ್ ಕಾಣಲ್ಲ’ ಎಂದು ಹೇಳಲು ಗೊತ್ತಿಲ್ಲದೆ ‘ದಡ್ಡ’ ಎನ್ನಿಸಿಕೊಂಡ ಮಕ್ಕಳನ್ನು ಹುಡುಕುವುದು. ಹೇಳಲಾಗದ ಮಕ್ಕಳ ಸಂಕಟ ಅವಳಿಗೆ ಬೇಗ ತಿಳಿಯುತ್ತಿತ್ತು. ಈ ವರ್ಷ ಹೊರಡಲು ಎಲ್ಲ ಸಿದ್ಧ ಮಾಡಿಕೊಂಡಿದ್ದಾಗ ಅಕ್ಕಾವ್ರು ಹತ್ತಿರ ಕರೆದು ಕೈ ಹಿಡಿದುಕೊಂಡರು.

“ಈ ಸಲ ಬೇರೆಯವರನ್ನ ಕಳಿಸ್ತೀನಮ್ಮ. ನೀನು ಆರಾಮಾಗಿರು.”

“ಯಾಕೆ ಅಕ್ಕಾವ್ರೇ?”

“ಬಸ್ಸು, ಬಿಸಿಲು, ಹೊತ್ತಲ್ಲದ ಹೊತ್ತಿನ ಊಟ... ನಿನ್ನ ಮೈಗೆ ಆಗಿಬರಲ್ಲ ಅಂತ ಫಿಟ್ಟರ್ ಹೇಳಿದ. ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು? ಪಾಪ.”

ಪಾಪ. ಅಮ್ಮ ಅಷ್ಟು ವರ್ಷ ಕಿಟಕಿ ಮುಚ್ಚಿ ತಡೆದಿದ್ದ ಆ ಒಂದು ಮಾತು.

ಅವಳು ನೇರ ಹಿಂದಿನ ಕೋಣೆಗೆ ಹೋದಳು. ಯಂತ್ರ ಗೊರಗುಟ್ಟುತ್ತಿತ್ತು. ಅವಳೇ ಸ್ವಿಚ್ ಆರಿಸಿದಳು.

“ನನ್ನನ್ನ ಕೇಳದೆ ಅಕ್ಕಾವ್ರಿಗೆ ಯಾಕೆ ಹೇಳ್ದೆ?”

“ಊಟದ ಹೊತ್ತಿಗೆ ನಿನಗೆ ಗಿರಾಕಿ ಕಳಿಸಬಾರದು ಅಂತ...”

“ನನ್ನ ವಿಷಯ ಅದು. ಹೇಳೋದು, ಬಿಡೋದು ನನ್ನಿಷ್ಟ. ನನ್ನ ಕೆಲಸ ಕಿತ್ಕೊಂಡ್ರು ಗೊತ್ತಾ? ನಿನ್ನ ಒಂದು ಮಾತಿಗೆ!”

ಅವಳ ದನಿ ಅಂಗಡಿಯವರೆಗೂ ಕೇಳಿಸಿರಬೇಕು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅವಳ ಕೈ ನಡುಗುತ್ತಿತ್ತು. ಫಿಟ್ಟರ್ ಆ ಕೈಯನ್ನು ನೋಡಿದ. ಮುಖದಲ್ಲಿ ಕಾಳಜಿ ತುಂಬಿ ಬಂತು. ಜೇಬಿಗೆ ಕೈ ಹಾಕಿದ.

“ಮೊದಲು ಇದು ತಿನ್ನು. ಸಕ್ಕರೆ ಕಮ್ಮಿ ಆಗಿದೆ ಅನ್ಸುತ್ತೆ.”

ಅವಳು ಆ ಮಿಠಾಯಿಯನ್ನು ನೋಡಿದಳು. ಬಣ್ಣದ ಕಾಗದ, ಅಂಗೈ, ಅವನ ಒಳ್ಳೆಯ ಮುಖ. ಆ ಒಳ್ಳೆಯತನವೇ ಅವಳನ್ನು ಹೆಚ್ಚು ನೋಯಿಸಿತು. ಕೆಟ್ಟವನಾಗಿದ್ದರೆ ಸುಲಭವಿತ್ತು.

“ಈಗಷ್ಟೇ ಊಟ ಮಾಡಿದೀನಿ,” ಎಂದಳು ಮೆಲ್ಲಗೆ. “ಸಕ್ಕರೆ ಸರಿಯಾಗೇ ಇದೆ. ನನಗೆ ಕೋಪ ಬಂದಿದೆ. ಬರೀ ಕೋಪ. ಅದೂ ನಿಂಗೆ ಅರ್ಥ ಆಗ್ದೇ ಇದ್ರೆ, ನೀನು ನನ್ನನ್ನ ನೋಡ್ತಾ ಇಲ್ಲ. ಕಾಯಿಲೇನ ನೋಡ್ತಾ ಇದೀಯ.”

ಅಲ್ಲಿಂದ ಅವಳು ಅಕ್ಕಾವ್ರ ಮುಂದೆ ಹೋಗಿ ನಿಂತಳು. ಇಷ್ಟು ವರ್ಷ ಅದೇ ಬಸ್ಸು, ಅದೇ ಬಿಸಿಲಿನಲ್ಲಿ ಅದೇ ಮೈಯನ್ನು ಹೊತ್ತು ಹೋಗಿ ಬಂದಿದ್ದೇನೆ, ಊಟಕ್ಕೆ ಸಮಯ ಕೊಟ್ಟರೆ ಸಾಕು, ಕೆಲಸ ತೆಗೆಯಬೇಡಿ ಎಂದಳು. ಬೇಡಿಕೊಳ್ಳುವ ದನಿಯಲ್ಲಿ ಅಲ್ಲ. ಅಕ್ಕಾವ್ರು ಕನ್ನಡಕ ಮೂಗಿನ ತುದಿಗೆ ಜಾರಿಸಿ ಅವಳನ್ನು ನೋಡಿದರು.

“ಅಬ್ಬಾ, ಬೈಯೋಕೂ ಬರುತ್ತೆ ಇವಳಿಗೆ! ಹೋಗಿ ಬಾರಮ್ಮ ತಾಯಿ. ಆ ಮಕ್ಕಳಿಗೂ ನಿನ್ನಂಥೋಳೇ ಬೇಕು.”

ಕೆಲಸ ಉಳಿಯಿತು. ಆದರೆ ಅವಳು ಅಂದು ಒಬ್ಬಳೇ ನಡೆದು ಮನೆಗೆ ಹೋದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಯಾರೋ ಅಪರಿಚಿತರು ಕೂತಿದ್ದರು. ತನ್ನ ಕೋಪವನ್ನೇ ಅನುಮಾನಿಸುವವರ ಜೊತೆ ಬಾಳುವುದಾದರೂ ಹೇಗೆ? ಪ್ರತಿ ಜಗಳದ ಕೊನೆಗೂ ಒಂದು ಚಮಚ ಸಕ್ಕರೆ. ಅಮ್ಮನ ಮನೆಯಿಂದ ಹೊರಟು ಇನ್ನೊಂದು ಅಮ್ಮನ ಮನೆಗೆ. ಬೇಡ. ಅವನು ಎಷ್ಟೇ ಒಳ್ಳೆಯವನಾಗಿರಲಿ, ಬೇಡ. ಹಾಗೆಂದುಕೊಂಡ ಮರುಗಳಿಗೆಯೇ ಕಣ್ಣು ತುಂಬಿ ದಾರಿ ಮಸುಕಾಯಿತು. ದಿನವೂ ಬೇರೆಯವರ ದೃಷ್ಟಿ ತಿದ್ದುವವಳು ಕಂಬ ಹಿಡಿದು ನಿಂತಳು.

ಅವಳು ಮನೆ ತಲುಪಿ ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಫಿಟ್ಟರ್. ಓಡಿ ಬಂದಿದ್ದ, ಏಪ್ರನ್ ಬಿಚ್ಚುವುದನ್ನೂ ಮರೆತಿದ್ದ.

“ಬೈಸ್ಕೊಳ್ಳೋಕೆ ಬಂದೆ,” ಎಂದ.

“ನಂಗೆ ಬೈಯೋಕೆ ಇಷ್ಟ ಇಲ್ಲ. ಹೋಗು.”

“ಹಾಗಾದ್ರೆ ನಾನು ಮಾತಾಡ್ತೀನಿ. ಮೊದಲ ಸಲ ನೀನು ಬೈದಾಗ ಪ್ರತಿಯೊಂದು ಮಾತೂ ನಿಂದೇ ಅಂದ್ಕೊಂಡೆ, ಊರು ಬಿಡೋಕೆ ಹೊರಟೆ. ಆಮೇಲೆ ಎಲ್ಲಾ ಸಕ್ಕರೇದೇ ಅಂದ್ಕೊಂಡೆ, ಮಿಠಾಯಿ ಹಿಡ್ಕೊಂಡು ನಿಂತೆ. ಎರಡು ಸಲಾನೂ ನಾನೇ ನಿರ್ಧಾರ ಮಾಡಿಬಿಟ್ಟೆ. ನಿನ್ನ ಕೇಳ್ಲೇ ಇಲ್ಲ.”

“ಕೇಳ್ಬೇಕಿತ್ತು.”

“ಕೇಳ್ಬೇಕಿತ್ತು.”

“ನಾನು ಹೇಳಿದ್ಮೇಲೆ ನಂಬ್ಬೇಕಿತ್ತು.”

“ನಂಬ್ಬೇಕಿತ್ತು.”

“ನಾನು ಹೇಳಿದ್ದನ್ನೇ ಹೇಳ್ಬೇಡ, ಇನ್ನೂ ಸಿಟ್ಟು ಬರುತ್ತೆ!”

“ಬರ್ಲಿ. ಆದ್ರೆ ಒಂದು ಮಾತು. ನನಗೆ ಭಯ ಆಗುತ್ತೆ ಕಣೇ. ಆ ಬಿಳಿಚಿದ ಮುಖ ನಾನು ಮರೆತಿಲ್ಲ. ನೀನು ಹೇಳಲ್ಲ, ಬಚ್ಚಿಡ್ತೀಯ. ಬಚ್ಚಿಟ್ರೆ ಪಕ್ಕದಲ್ಲಿ ಇರೋನಿಗೆ ಹೇಗೆ ಗೊತ್ತಾಗ್ಬೇಕು? ಅದು ನಿನ್ನ ತಪ್ಪು. ಅದನ್ನ ನಾನು ಒಪ್ಪಲ್ಲ.”

ಅವಳು ಬೆರಗಾಗಿ ನೋಡಿದಳು. ಅವಳ ಜೊತೆ ಇದುವರೆಗೆ ಯಾರೂ ಜಗಳವಾಡಿರಲಿಲ್ಲ. ಸಮಾಧಾನ ಮಾಡಿದ್ದರು, ಸಕ್ಕರೆ ಕೊಟ್ಟಿದ್ದರು, ಹಣ್ಣು ಕೊಟ್ಟಿದ್ದರು. ಎದುರು ನಿಂತು ‘ನಿನ್ನ ತಪ್ಪು’ ಎಂದವನು ಇವನೊಬ್ಬನೇ.

“ನನ್ನ ತಪ್ಪಾ?” ಎಂದಳು, ಸೊಂಟದ ಮೇಲೆ ಕೈಯಿಟ್ಟು. “ಒಳ್ಳೆ ಕಥೆ! ಬಚ್ಚಿಡದೆ ಹೇಳಿದ್ದಕ್ಕೇ ತಾನೆ ನೀನು ಊರಿಗೆಲ್ಲ ಡಂಗುರ ಹೊಡೆದದ್ದು? ಇನ್ನು ಯಾವ ಧೈರ್ಯದ ಮೇಲೆ ಹೇಳ್ಲಿ ನಿಂಗೆ?”

“ಊರಿಗಲ್ಲ, ಅಕ್ಕಾವ್ರಿಗೆ!”

“ಅಕ್ಕಾವ್ರು ಅಂದ್ರೆ ಊರೇ!”

ಆ ಗದ್ದಲಕ್ಕೆ ಅಮ್ಮ ಒಳಗಿನಿಂದ ಓಡಿ ಬಂದಳು. ಮಗಳ ಕೆಂಪು ಮುಖ, ಏರಿದ ದನಿ, ನಡುಗುವ ತುಟಿ ಕಂಡು ಮತ್ತೆ ಅಡುಗೆಮನೆಯತ್ತ ತಿರುಗಿದಳು.

“ಸಕ್ಕರೆ ಕಮ್ಮಿ ಆಯ್ತೇನೇ ಪುಟ್ಟಿ? ಇರು, ಚಮಚ ತರ್ತೀನಿ...”

ಅವಳು ಬಾಯಿ ತೆರೆದಳು. ಅವಳಿಗಿಂತ ಮೊದಲು ಫಿಟ್ಟರ್ ಅವಳ ಕಡೆ ತಿರುಗಿ, ಕಣ್ಣಲ್ಲೇ ಕೇಳಿದ. ನಿಜವಾಗಿ ಕೇಳಿದ, ಉತ್ತರ ಗೊತ್ತಿಲ್ಲದವನ ಹಾಗೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ಇಲ್ಲಮ್ಮ,” ಎಂದ ಅವನು. “ಇದು ಅವಳದೇ ಕೋಪ. ನನ್ನ ಮೇಲೆ. ತಪ್ಪು ನಂದು.” ಆಮೇಲೆ ಸೇರಿಸಿದ, “ಎಲ್ಲಾ ನಂದಲ್ಲ. ಅದಕ್ಕೇ ಜಗಳ ಇನ್ನೂ ಮುಗಿದಿಲ್ಲ.”

ಅಮ್ಮ ಇಬ್ಬರನ್ನೂ ನೋಡಿದಳು. ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. ಕೋಪದಲ್ಲಿ ಅವಳ ಮಗಳು ಎಷ್ಟು ಚೆಂದ ಕಾಣುತ್ತಾಳೆಂದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವೇನೋ. ತಿರುಗಿ ಒಳಗೆ ಹೋದಳು.

“ಎಲ್ಲಾ ನಂದಲ್ಲ ಅಂದ್ರೆ ಏನರ್ಥ?” ಎಂದಳು ಅವಳು, ನಗು ತಡೆಯಲು ತುಟಿ ಕಚ್ಚಿಕೊಂಡು.

“ಅರ್ಧ ಅರ್ಧ ಹಂಚ್ಕೊಳ್ಳೋಣ ಅಂತ. ಇದೊಂದೇ ಅಲ್ಲ, ಮುಂದೆ ಬರೋ ಎಲ್ಲಾ ಜಗಳಾನೂ. ಮುದುಕರಾಗೋವರೆಗೂ.”

“ಮುದುಕರಾದ್ಮೇಲೆ?”

“ಆವಾಗ ಇಬ್ಬರಿಗೂ ಕನ್ನಡಕ ಬಂದಿರುತ್ತೆ. ಯಾರ ತಪ್ಪು ಅಂತ ಸರಿಯಾಗಿ ಕಾಣುತ್ತೆ.”

“ನಾನಿನ್ನೂ ಕೋಪದಲ್ಲೇ ಇದೀನಿ,” ಎಂದಳು.

“ಗೊತ್ತು.”

“ಅರ್ಧ ಅರ್ಧಕ್ಕೆ ಒಪ್ಕೊಂಡೆ ಅಂತಾನೂ ಅರ್ಥ.”

ಅವನ ಕಿವಿಗಳು ಕೆಂಪಾದವು.

ಒಳಗಿನಿಂದ ಅಮ್ಮ ಬಂದಳು. ಅವಳ ಕೈಯಲ್ಲಿ ಚಮಚ ಇರಲಿಲ್ಲ. ಹಬೆಯಾಡುವ ಊಟದ ತಟ್ಟೆಯಿತ್ತು. ಬಾಗಿಲಲ್ಲೇ ನಿಂತಿದ್ದವನನ್ನು ತೋಳು ಹಿಡಿದು ಮೇಜಿನ ಹತ್ತಿರ ಕೂರಿಸಿದಳು. ಮಗಳ ಮುಖದಲ್ಲಿ ಕಾಯಿಲೆಯನ್ನು ಹುಡುಕದೆ, ಆ ತಟ್ಟೆಯನ್ನು ಮೆಲ್ಲಗೆ ಅವನ ಕೈಗೆ ಕೊಟ್ಟಳು.